ಗಡ್ಡ ಬೋಳಿಸಿದ ಕಾರು

ಪ್ರೀತಿಯ ಅತ್ತೆಗೆ ನಮಸ್ಕಾರ.

ನನ್ನ ಕಾಗೆ ಕಾಲಿನ ಅಕ್ಷರಕ್ಕೆ, ತಪ್ಪಿದ ಒತ್ತುಗಳಿಗೆ ಬೇಸರ ಮಾಡಿಕೊಳ್ಳಬೇಡಿ. ನಿಮ್ಮೆದುರು ನಿಂತರೆ ಬಾಯಿ ಕಟ್ಟುತ್ತದೆ, ಅದಕ್ಕೇ ಬರೆದೆ.

ದಯವಿಟ್ಟು ಕಾರು ಮಾರಬೇಡಿ. ದೂರ ಓಡಿದರೆ ಅದು ಕಾದು ಬಿಸಿಯಾಗುತ್ತಿರುವುದು ಇಂಜಿನ್ ಮುದಿಯಾಗಿ ಅಲ್ಲ, ನನ್ನಿಂದ. ಹೋದ ತಿಂಗಳು ಪಾರ್ಕಿಂಗ್ ಕಟ್ಟೆಗೆ ಗುದ್ದಿ, ಬಂಪರ್ ಕೆಳಗಿನ ಪ್ಲಾಸ್ಟಿಕ್ ಪಟ್ಟಿಯನ್ನು ಹರಿದುಬಿಟ್ಟೆ. ಮೆಕ್ಯಾನಿಕ್ ಮಾಮ, "ಗಡ್ಡ ಜೋತಾಡ್ತಿದೆ. ಬೋಳಿಸ್ಲಾ?" ಅಂದರು. ಗಡ್ಡ ಅಂದಮೇಲೆ ಬರೀ ಚಂದಕ್ಕಿರಬೇಕು ಅಂದುಕೊಂಡೆ. ನಿಮಗೆ ಗೊತ್ತಾಗದಿದ್ದರೆ ಸಾಕೆಂದು "ಹೂಂ" ಅಂದೆ.

ಓಡುವಾಗ ಗಾಳಿಯನ್ನು ಇಂಜಿನ್ ತಂಪಾಗಿಡುವ ರೇಡಿಯೇಟರ್ ಕಡೆ ತಿರುಗಿಸುವುದೇ ಆ ಗಡ್ಡವಂತೆ. ನಿನ್ನೆ ಕೇಳಿದಾಗ ಮಾಮ ತಲೆ ಚಚ್ಚಿಕೊಂಡರು. "ಹೊಸದು ತರ್ತೀಯ ಅಂತ ಬೋಳಿಸ್ದೆ ಕಣಮ್ಮಾ, ಹಾಗೇ ಓಡಿಸ್ತಿದ್ದೀರಾ?"

ಮೊನ್ನೆ ನೀವು ಬಾನೆಟ್ ಸವರಿ, "ಪಾಪ, ನನ್ ಥರಾನೇ ಇದಕ್ಕೂ ವಯಸ್ಸಾಯ್ತು" ಅಂದಾಗಲೇ ನನಗೆ ಆ ಗಡ್ಡದ ಮೇಲೆ ಅನುಮಾನ ಬಂದು, ಮಾಮನನ್ನು ಕೇಳಲು ಹೋದದ್ದು.

ಹೊಸ ಪಟ್ಟಿ ಕೂರಿಸಲು ಹೇಳಲೇ? ಮೊದಲು ಅದಕ್ಕೆ ಒಪ್ಪಿ, ಆಮೇಲೆ ಎಷ್ಟು ಬೇಕಾದರೂ ಬೈಯಿರಿ.

ಹಿಂದಿನ ಗಾಜಿಗೆ ನೀವು ಅಂಟಿಸಿದ್ದ "ಮಾರಾಟಕ್ಕಿದೆ" ಚೀಟಿಯನ್ನು ಇವತ್ತು ಬೆಳಗ್ಗೆ, ನೀವು ಏಳುವ ಮೊದಲೇ ಕಿತ್ತಿದ್ದೇನೆ.

ನಿಮ್ಮ ಬೈಗುಳಕ್ಕೆ ಕಾದು ಕೂತಿರುವ ಅಣ್ಣನ ಮಗಳು,
ಪಿಸುಗುಬ್ಬಿ