ಅಂಬಾರಾಯನ ಹೆಸರು ಬರೆಸುವ ದಿನ

ಶಿವಕಾಂತಾ,

ನಮ್ಮಕ್ಕನಿಗೆ ಹುಷಾರಿಲ್ಲವಂತೆ, ಐನಾಪುರಕ್ಕೆ ಹೊರಟಿದ್ದೇನೆ. ಅಂಗಳದಲ್ಲಿ ತೊಗರಿ ಒಣಹಾಕಿದ್ದೇನೆ, ಮಧ್ಯಾಹ್ನ ಒಮ್ಮೆ ಕೈಯಾಡಿಸು. ಎಮ್ಮೆಗೆ ನೀರು ಕುಡಿಸಿದ್ದಾಗಿದೆ.

ಮೊಮ್ಮಗ ಅಂಬಾರಾಯನ ಹೆಸರು ಶಾಲೆಗೆ ಇವತ್ತೇ ಬರೆಸಬೇಕು, ಮರೆತಿಲ್ಲ. ನಿನ್ನೆ ಊಟಕ್ಕೆ ಕೂತಾಗ ನಿನ್ನ ಗಂಡ, "ಕನ್ನಡ ಕಲ್ತು ಕಚೇರ್ಯಾಗ ಕಸಾ ಹೊಡೀಬೇಕೇನು? ಸರಕಾರಿ ಉರ್ದು ಮದರಸಾಕ್ಕ ಹಾಕ್ತೀನಿ" ಅಂದ. ನೀನು, "ಐನೋರ ಖಾಸಗಿ ಕನ್ನಡ ಸಾಲಿಗೇ ಹೋಗ್ಲಿ. ನೀವರ ಹೇಳ್ರಿ ಮಾವ" ಅಂದೆ. ನಾನು ರೊಟ್ಟಿ ಮುರಿಯುತ್ತ ಕೂತೆ.

ಸಿಟ್ಟಿಗೇಳಬೇಡ ತಾಯಿ. ಐನೋರ ಶಾಲೆಗೆ ಸರಕಾರದ ಪರವಾನಗಿ ಇನ್ನೂ ಬಂದಿಲ್ಲ, ಯಾವತ್ತು ಬಾಗಿಲು ಹಾಕಿಸುತ್ತಾರೋ. ಕಚೇರಿ ಕೆಲಸವೆಲ್ಲ ಉರ್ದುವಿನಲ್ಲಿ, ನೌಕರಿ ಸಿಗುವುದು ಮದರಸಾದಲ್ಲಿ ಓದಿದವರಿಗೆ. ನಿನ್ನ ಗಂಡ ಕಲ್ಯಾಣಪ್ಪನನ್ನು ಅಲ್ಲಿಗೆ ಕೈಹಿಡಿದು ಕರೆದೊಯ್ದವನು ನಾನೇ. ಅವನು ಗುಮಾಸ್ತನಾದ, ಮನೆ ನಡೆದಿದೆ. ಬೇಡವೆಂದು ಯಾವ ಬಾಯಿಂದ ಅನ್ನಲಿ? ಹೂಂ ಅನ್ನಲಿಕ್ಕೂ ಮನಸ್ಸು ಬಾರದು.

ನನ್ನಿಂದ ಆಗುವುದಿಲ್ಲ, ನೀವಿಬ್ಬರೇ ಕೂತು ತೀರ್ಮಾನಿಸಿ. ಈ ಚೀಟಿಯನ್ನು ಅವನಿಗೆ ನೀನೇ ಓದಿ ಹೇಳು. ಅವನಪ್ಪ ಬರೆದ ನಾಲ್ಕು ಕನ್ನಡ ಅಕ್ಷರ ಅವನಿಗೆ ಓದಲು ಬರುವುದಿಲ್ಲ.