ಅಪ್ಪನ ಗಡಿಪಾರು ರದ್ದಾದ ದಿನ

ನನ್ನ ಹೊಟ್ಟೆಯೊಳಗೆ ಮಗ್ಗುಲು ಬದಲಿಸುತ್ತಿರುವ ಕೂಸೇ,

ನೀನು ಹುಟ್ಟಿದ ಮೇಲೆ ನಾವಿಬ್ಬರೂ ತುಳುವಿನಲ್ಲೇ ಮಾತಾಡುವವರು. ಆದರೆ ನಾನು ಬರೆಯಲು ಕಲಿತದ್ದು ಕನ್ನಡ. ಈ ವರ್ಷ ಕಂಡದ್ದರ ಬೆರಗು ಆರುವ ಮೊದಲು ನಿನಗೆ ಹೇಳಿಬಿಡಬೇಕು.

ನಿನ್ನ ಅಪ್ಪ ಹಿತೇಶ್ ಪಡೀಲಿನಲ್ಲಿ ರಿಕ್ಷಾ ಓಡಿಸುವವರು. ಹೋದ ವರ್ಷ ಬೇಸಿಗೆಯಲ್ಲಿ ನಮ್ಮ ಓಣಿಯ ನಳ್ಳಿಗಳಲ್ಲಿ ನೀರು ಬರುವುದು ನಿಂತಾಗ ನೆರೆಕರೆಯವರನ್ನು ಸೇರಿಸಿ ರಸ್ತೆಯಲ್ಲಿ ಕುಳಿತರು. ಕೇಸು ಬಿತ್ತು. ಮುಂದಿನ ಬೇಸಿಗೆಯಲ್ಲಿ ಮತ್ತೆ ಕುಳಿತರು, ಮತ್ತೊಂದು ಕೇಸು. ನೀನು ಬರುವ ಸುದ್ದಿ ತಿಳಿದ ವಾರವೇ ಮನೆ ಮುಂದೆ ಪೊಲೀಸ್ ಜೀಪು ನಿಂತಿತು. ಹಿತೇಶರಿಂದ ಸಾರ್ವಜನಿಕ ಶಾಂತಿಗೆ ಅಪಾಯವಂತೆ, ಒಂದು ವರ್ಷ ಜಿಲ್ಲೆಯೊಳಗೆ ಕಾಲಿಡಬಾರದಂತೆ.

"ನಾನೆಂತ ಕಳ್ಳನಾ? ಒಂದು ಮಾತು ಕೇಳ್ಬಹುದಿತ್ತಲ್ಲ" ಎಂದರು ನಿನ್ನ ಅಪ್ಪ. ಪೊಲೀಸರು ಅವರನ್ನು ಜೀಪು ಹತ್ತಿಸಿದರು. ಜಿಲ್ಲೆಯ ಗಡಿ ದಾಟಿಸಿ ಬಿಟ್ಟು ಬಂದರು. ಶಿವಮೊಗ್ಗದಲ್ಲಿ ಗ್ಯಾರೇಜು ಇಟ್ಟಿರುವ ಗೆಳೆಯ ನಿಝಾರ್ ಮಲಗಲು ಜಾಗ, ಮಾಡಲು ಕೆಲಸ ಕೊಟ್ಟ. ದಿನಾ ಸಂಜೆ ನಾನು ಫೋನನ್ನು ಹೊಟ್ಟೆಗೆ ಒತ್ತಿ ಹಿಡಿಯುತ್ತಿದ್ದೆ. ಆ ಕಡೆಯಿಂದ ಅವರು ನಿನ್ನನ್ನು ಮಾತಾಡಿಸುತ್ತಿದ್ದರು.

ಬಲ್ಮಠದ ವಕೀಲೆ ಜಾಯ್ಸ್ ಮೇಡಂ ಹೈಕೋರ್ಟಿಗೆ ಅರ್ಜಿ ಹಾಕಿದರು. ವಿಚಾರಣೆ ವಿಡಿಯೋದಲ್ಲಿ. ಅವರ ಆಫೀಸಿನಲ್ಲಿ, ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿ, ನಾನೂ ನಿನ್ನ ಅಜ್ಜಿ ಕುಮುದಿನಿಯೂ ಕುಳಿತಿದ್ದೆವು. ಪರದೆಯ ಮೇಲೆ ನ್ಯಾಯಾಧೀಶರು ಬಂದದ್ದೇ ಅಜ್ಜಿ ಎದ್ದು ನಿಂತರು.

"ಕೂತ್ಕೊಳ್ಳಿ ಅಮ್ಮ, ಅವರಿಗೆ ನೀವು ಕಾಣುದಿಲ್ಲ" ಎಂದರು ಜಾಯ್ಸ್.

"ನನಗೆ ಅವರು ಕಾಣ್ತಾರಲ್ಲ" ಎಂದ ಅಜ್ಜಿ ಕೊನೆಯವರೆಗೂ ಕೂರಲಿಲ್ಲ.

ನನಗೆ ಸರಕಾರ ಎಂದರೆ ಆ ಜೀಪೇ ಆಗಿಬಿಟ್ಟಿತ್ತು. ಆದರೆ ನ್ಯಾಯಾಧೀಶರು ದನಿ ಏರಿಸದೆ ಸರಕಾರದ ವಕೀಲರನ್ನು ಕೇಳಿದರು: "ಊರು ಬಿಡಿಸುವ ಮೊದಲು ಈ ಮನುಷ್ಯನಿಗೆ ನೋಟಿಸ್ ಕೊಟ್ಟಿರಾ? ಅವನ ಮಾತು ಕೇಳಿದಿರಾ?" ವಕೀಲರು ಕಡತ ತಿರುವಿದರು, ಹಿಂದಿನಿಂದ ಮುಂದಕ್ಕೂ ತಿರುವಿದರು. "ಇಲ್ಲ, ಸ್ವಾಮಿ." ಅಷ್ಟೇ. ಆದೇಶ ರದ್ದಾಯಿತು. ಸರಕಾರದ ವಕೀಲರು ತಲೆಬಾಗಿ ಕೈಮುಗಿದರು. ಕಡಲು ಒಂದು ಮಾತಿಗೆ ಹಿಂದೆ ಸರಿದದ್ದನ್ನು ಕಂಡ ಹಾಗಿತ್ತು, ಮಗುವೇ.

ಜಾಯ್ಸ್ ಮಾತ್ರ ನನ್ನನ್ನು ನೆಲಕ್ಕಿಳಿಸಿದರು. "ಸರಕಾರಕ್ಕೆ ಅಧಿಕಾರ ಇಲ್ಲ ಅಂತ ಹೇಳ್ಲಿಲ್ಲ ಅಶ್ಮಿತಾ. ಅಧಿಕಾರ ಉಂಟು. ಕೇಳದೆ ಬಳಸ್ಲಿಕ್ಕೆ ಇಲ್ಲ, ಅಷ್ಟೇ. ಅವರು ಮತ್ತೆ ನೋಟಿಸ್ ಕೊಡಬಹುದು."

ಕೊಟ್ಟರು. ನಿನ್ನ ಅಪ್ಪ ಮನೆಗೆ ಬಂದು ಗಡ್ಡ ಬೋಳಿಸಿ, ರಿಕ್ಷಾ ತೊಳೆದು, ಇನ್ನೇನು ಬಾಡಿಗೆಗೆ ಹೊರಡಬೇಕು ಎನ್ನುವ ಹೊತ್ತಿಗೆ ಹೊಸ ನೋಟಿಸ್ ಬಂತು. ನಾನು ಕೂಡಲೇ ಜಾಯ್ಸ್‌ಗೆ ಫೋನ್ ಮಾಡಿದೆ. ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜಾಯ್ಸ್ ಜೊತೆ ನೋಟಿಸ್ ಕೊಟ್ಟ ಅಧಿಕಾರಿಯ ಕೋಣೆಗೆ ಹೋದರು. ಮಧ್ಯಾಹ್ನ ಬಂದವರು ಬಾಗಿಲಲ್ಲೇ ನಿಂತು ಹೇಳಿದರು:

"ಕುರ್ಚಿ ಕೊಟ್ರು ಮಾರಾಯ್ತಿ. ಮಕ್ಕಳು ಕೊಡ ಹಿಡ್ಕೊಂಡು ಶಾಲೆ ತಪ್ಪಿಸುದು, ಎಲ್ಲ ಹೇಳಿದೆ. ಅವರು ಬರೆಸಿಕೊಂಡ್ರು. ಓದಿ ಸೈನ್ ಹಾಕು ಅಂದ್ರು. ಓದಿದೆ. ನನ್ನದೇ ಮಾತು!"

ಕೆಲವು ವಾರಗಳ ನಂತರ ಗಡಿಪಾರಿನ ಪ್ರಸ್ತಾವವನ್ನು ಕೈಬಿಟ್ಟಿದ್ದೇವೆ ಎಂಬ ಪತ್ರ ಬಂತು. ರಸ್ತೆ ತಡೆಯ ಎರಡೂ ಕೇಸುಗಳು ಇನ್ನೂ ನಡೆಯುತ್ತಿವೆ. ಅವಕ್ಕೆ ಅವರು ತಪ್ಪದೆ ಹೋಗುತ್ತಾರೆ. ನಳ್ಳಿಯಲ್ಲಿ ನೀರು ಒಂದು ದಿನ ಉಂಟು, ಒಂದು ದಿನ ಇಲ್ಲ.

ನೀನು ಬರುವ ಹೊತ್ತಿಗೆ ಅಪ್ಪ ಆಸ್ಪತ್ರೆಯ ಬಾಗಿಲಲ್ಲೇ ಇರುತ್ತಾರೆ. ಧೈರ್ಯವಾಗಿ ಬಾ, ಬಂದಕೂಡಲೇ ಗಟ್ಟಿಯಾಗಿ ಅಳು. ನಿನ್ನ ಗಂಟಲು ಎಂದಿಗೂ ಒಣಗದಿರಲಿ, ಮಗುವೇ.

ನಿನ್ನ ದಾರಿ ನೋಡುತ್ತಿರುವ ಅಮ್ಮ,
ಅಶ್ಮಿತಾ