ಮಂಜು ಕರಗಿಸುವ ಕ್ರಮ

8 ಆಗಸ್ಟ್ 1982, ಭಾನುವಾರ. ಶ್ರೀನಿವಾಸಪುರ

ಸಿರಿಂಜ್ ಕುದಿಸಿದ್ದು, ಭಾರತಮ್ಮನ ಎಡತೋಳಿಗೆ ಇನ್ಸುಲಿನ್ ಕೊಟ್ಟದ್ದು, ಸೀಸೆಯನ್ನು ಮರಳಿನ ಮಡಕೆಯಲ್ಲಿ ಹೂತು ನೀರು ಚಿಮುಕಿಸಿದ್ದು — ಎಲ್ಲವೂ ಏಳರೊಳಗೆ ಮುಗಿಯಿತು. ಇಂದು ರಕ್ತ ಬರಲಿಲ್ಲ. ಹೆಂಡತಿಗೆ ಸೂಜಿ ಚುಚ್ಚುವ ಈ ಕೆಲಸ ಮೇ ತಿಂಗಳವರೆಗೆ ಮಗ ಕದಿರೇಶನದಾಗಿತ್ತು. ಅವನ ಕೈ ಹಗುರ. ನನ್ನದು ಇನ್ನೂ ಕಲಿಯುತ್ತಿರುವ ಕೈ.

ಹತ್ತರ ಸುಮಾರಿಗೆ ಕೋಲಾರದಿಂದ ಟೆಂಪೋ. ಹುಲ್ಲಿನ ಮೇಲೆ ಅಡ್ಡ ಮಲಗಿಸಿದ ರಟ್ಟಿನ ಪೆಟ್ಟಿಗೆ. ಸಣ್ಣ ಫ್ರಿಜ್, ನಿಲ್ಲಿಸಿದರೆ ನನ್ನ ಸೊಂಟದೆತ್ತರ. ಕದಿರೇಶ ಯುಗಾದಿಗೆ ಮುಂಚೆಯೇ ಬುಕ್ ಮಾಡಿದ್ದನಂತೆ, ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಸಿಕ್ಕ ಮೊದಲ ಬೋನಸ್ಸಿನಲ್ಲಿ. ನಮಗೆ ಹೇಳಿರಲಿಲ್ಲ. ಬೇಸಿಗೆಯಲ್ಲಿ ಮರಳು ತಂಪು ಹಿಡಿಯುವುದಿಲ್ಲ, ಅಮ್ಮನ ಔಷಧಿ ಕೆಡುತ್ತದೆ ಎಂದು ಮಾತ್ರ ಆಗಾಗ ಗೊಣಗಿದ್ದ.

ಡ್ರೈವರ್ ಚೀಟಿ ಚಾಚಿದ. "ಕದಿರೇಶ್ ಅವ್ರನ್ನ ಕರೀರಿ ಸಾರ್, ಸೈನ್ ಬೇಕು."

ನಾನೇ ಸೈನ್ ಮಾಡಿದೆ. ಪಕ್ಕದಲ್ಲಿ 'ತಂದೆ' ಎಂದು ಬರೆದೆ.

ಭಾರತಮ್ಮ ಹೊಸಿಲಲ್ಲಿ ನಿಂತಿದ್ದಳು. ಪೆಟ್ಟಿಗೆಯ ಧೂಳನ್ನು ಸೆರಗಿನಿಂದ ಒರೆಸಿದಳು. "ಒಳಗೆ ತರ್ಸಿ. ಬಿಸಿಲಲ್ಲಿ ನಿಲ್ಲಿಸ್ಬೇಡಿ."

9 ಆಗಸ್ಟ್

ನೆಟ್ಟಗೆ ನಿಲ್ಲಿಸಿ ಬಿಟ್ಟಿದ್ದೇನೆ. ಮಲಗಿಸಿ ತಂದ ಯಂತ್ರ. ಒಳಗಿನ ಎಣ್ಣೆ ತನ್ನ ಜಾಗಕ್ಕೆ ಇಳಿಯುವವರೆಗೆ ಕರೆಂಟ್ ಕೊಡಬಾರದು. ಜೊತೆಯಲ್ಲಿ ಬಂದ ಇಂಗ್ಲಿಷ್ ಪುಸ್ತಿಕೆಯನ್ನು ಪೂರ್ತಿ ಓದಿದೆ.

ಎಲ್ಲಿಡತಕ್ಕದ್ದು ಎಂಬುದು ಪ್ರಶ್ನೆ. ಒಲೆಯ ಬಳಿ ಕೂಡದು — ಅಡಿಗೆಮನೆ ಬಿಟ್ಟೆ. ಬಿಸಿಲು ಬೀಳಕೂಡದು — ಜಗಲಿ ಬಿಟ್ಟೆ. ತೇವ ಕೂಡದು — ಹಿತ್ತಲ ಕೋಣೆ ಬಿಟ್ಟೆ. ನೆಲ ಮಟ್ಟವಾಗಿರಬೇಕು, ಹಿಂದೆ ಗಾಳಿಗೆ ಜಾಗವಿರಬೇಕು, ಪ್ಲಗ್ ಹತ್ತಿರವಿರಬೇಕು. ಎದುರಾಳಿಯ ದಾರಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿ ಒಂದೇ ಮೂಲೆಗೆ ತಳ್ಳುವುದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನ್ನ ಖ್ಯಾತಿಯಾಗಿತ್ತು. ಇಂದು ಆ ಮೂಲೆಗೆ ನಾನೇ ಹೋಗಿ ನಿಂತೆ. ನಡುಮನೆಯ ಉತ್ತರದ ಗೋಡೆ. ಬೇರೆ ಜಾಗವಿಲ್ಲ.

ಮೇ ತಿಂಗಳಲ್ಲಿ ಕದಿರೇಶನನ್ನು ಮಲಗಿಸಿದ್ದು ಅಲ್ಲಿಯೇ. ಅಂದಿನಿಂದ ನಾವಿಬ್ಬರೂ ಅಲ್ಲಿ ಕೂರುವುದಿಲ್ಲ.

ಭಾರತಮ್ಮನಿಗೆ ಹೇಳಿದೆ. ಒಂದು ಕ್ಷಣ ಆ ನೆಲವನ್ನು ನೋಡಿ, ಪೊರಕೆ ತಂದು ಗುಡಿಸಿದಳು.

10 ಆಗಸ್ಟ್, ಸಂಜೆ

ವೈರಿಂಗ್ ಪೆದ್ದಪ್ಪ ಬಂದಿದ್ದ. ಪ್ಲಗ್ಗಿಗೆ ಮೂರು ಪಿನ್ನು. ನಮ್ಮ ಗೋಡೆಯಲ್ಲಿ ಎರಡೇ ತೂತು. ಅವನು ಕಟಿಂಗ್ ಪ್ಲೇಯರ್ ತೆಗೆದು, ತನ್ನ ಅರ್ಧ ತೆಲುಗಿನಲ್ಲಿ ಕೇಳಿದ.

"ಈ ಮೂರನೇದು ಎಂದುಕು ಸಾರ್? ಕಟ್ ಮಾಡಿದ್ರೆ ನೀಟಾಗಿ ಕೂತ್ಕೊಳ್ತದೆ. ಊರೆಲ್ಲ ಹಂಗೇ ಮಾಡಿದೀನಿ. ಇದುವರ್ಗೂ ಒಬ್ರೂ ಕಂಪ್ಲೇಂಟ್ ಇವ್ವಲೇದು."

"ಸತ್ತವರು ಕಂಪ್ಲೇಂಟ್ ಕೊಡುವುದಿಲ್ಲ ಪೆದ್ದಪ್ಪ."

ಆಡಿದ ಮೇಲೆ ಮಾತು ನನಗೇ ಕೇಳಿಸಿತು. ಪೆದ್ದಪ್ಪ ಪ್ಲೇಯರ್ ಜೇಬಿಗಿಟ್ಟು, ಹಾರೆ ಕೇಳಿದ. ದಾಸವಾಳದ ಬುಡದ ಪಕ್ಕ ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿ, ತಗಡು ಹೂತು, ಶಾಕ್ ಹೊಡೆಯದಂತೆ ಅರ್ಥ್ ತಂತಿ ಎಳೆದು, ಹೊಸ ಸಾಕೆಟ್ ಕೂರಿಸಿದ. ಗುಂಡಿ ಒಣಗಿದರೆ ಅರ್ಥ್ ಸತ್ತಂತೆ. ದಿನಕ್ಕೊಂದು ಬಿಂದಿಗೆ ನೀರು ಹಾಕತಕ್ಕದ್ದು. ಅದು ನನ್ನ ಜವಾಬ್ದಾರಿ.

11 ಆಗಸ್ಟ್

ಸ್ವಿಚ್ ಹಾಕಿದೆ. ಮೊದಲು ಒಂದು ನಡುಕ, ನಂತರ ಗುಂಯ್ ಎನ್ನುವ ಸದ್ದು. ಒಂದು ಕಾಲಿನ ಕೆಳಗೆ ರಟ್ಟಿನ ಚೂರು ಮಡಿಸಿಟ್ಟ ಮೇಲೆ ಅಲುಗಾಟ ನಿಂತಿತು. ಭಾರತಮ್ಮ ಬಾಗಿಲಿಗೆ ಕುಂಕುಮವಿಟ್ಟಳು. ಅದರ ಮೇಲೆಯೇ ತೆಂಗಿನಕಾಯಿ ಒಡೆಯಲು ನಾನು ಬಿಡಲಿಲ್ಲ. ಹೊಸಿಲ ಮೇಲೆ ಒಡೆದಳು.

ರೇಷ್ಮೆ ಇಲಾಖೆಯ ಕೆಲಸಕ್ಕೆ ಬಳಸುವ ನನ್ನ ಥರ್ಮಾಮೀಟರನ್ನೇ ನಡುವಿನ ತಟ್ಟೆಯ ಮೇಲಿಟ್ಟಿದ್ದೇನೆ. ಡಯಲ್ ಮೂರರಲ್ಲಿ. ಇನ್ಸುಲಿನ್ ಅಲ್ಲಿಯೇ — ಮೇಲಿನ ಐಸ್ ಗೂಡಿನಿಂದ ದೂರ. ಔಷಧಿ ತಣ್ಣಗಿರಬೇಕು, ಗಡ್ಡೆ ಕಟ್ಟಬಾರದು.

ಮರಳಿನ ಮಡಕೆಯನ್ನು ಅವಳು ಎಸೆಯಲಿಲ್ಲ. ಕವುಚಿ ಇಟ್ಟಳು.

29 ಆಗಸ್ಟ್

ಪಕ್ಕದ ಮನೆಯ ಮುನಿಗಂಗಮ್ಮ ಮೊಸರಿನ ತಂಬಿಗೆ ಇಟ್ಟುಹೋಗುತ್ತಾಳೆ, ನಾಳೆಯ ಹೂವಿನ ಪೊಟ್ಟಣ ಇಟ್ಟುಹೋಗುತ್ತಾಳೆ. ಪದೇ ಪದೇ ಬಾಗಿಲು ತೆಗೆಯಕೂಡದೆಂದು ತಿಳಿಸಿದೆ. "ಮೇಷ್ಟ್ರ ಹಂಗೆ ಬೈತಾರೆ ಕಣಮ್ಮ ನಿಮ್ಮೋರು," ಎಂದು ಭಾರತಮ್ಮನಿಗೆ ಹೇಳಿ ನಗುತ್ತಾಳೆ. ಇಂದು ಮೊಮ್ಮಕ್ಕಳಿಗೆ ಐಸ್ ಕೇಳಿದಳು. ಇಲ್ಲವೆಂದೆ. ಐಸ್ ಮಾಡುವ ತಟ್ಟೆಯನ್ನು ಮೊದಲ ದಿನವೇ ಟ್ರಂಕಿಗೆ ಹಾಕಿ ಬೀಗ ಜಡಿದಿದ್ದೇನೆ. ಈ ಮನೆಯಲ್ಲಿ ಐಸ್ ಆಗತಕ್ಕದ್ದಲ್ಲ.

ಭಾರತಮ್ಮ ತಲೆ ಎತ್ತಿ ನನ್ನನ್ನು ನೋಡಿದಳು.

19 ಸೆಪ್ಟೆಂಬರ್, ಭಾನುವಾರ

ತಟ್ಟೆ ತೆಗೆದಿಟ್ಟರೇನು, ಐಸ್ ತಾನಾಗಿಯೇ ಬೆಳೆಯುತ್ತದೆ. ಗೂಡಿನ ಸುತ್ತ ಬೆರಳು ದಪ್ಪ ಮಂಜು. ಅದು ಕಾಲಿಂಚು ದಾಟುವ ಮೊದಲೇ ಕರಗಿಸತಕ್ಕದ್ದೆಂದು ಪುಸ್ತಿಕೆ. ಚಾಕುವಿನಿಂದ ಕೆರೆಯಬಾರದು, ಕೊಳವೆ ತೂತಾದರೆ ಗ್ಯಾಸ್ ಹೋಗುತ್ತದೆ. ಸ್ವಿಚ್ ಆಫ್ ಮಾಡಿ, ಬಾಗಿಲು ತೆರೆದು, ಪಾತ್ರೆಯಿಟ್ಟು, ಕಾಯಬೇಕು. ಹಾಗೆಯೇ ಮಾಡಿದೆ. ಸ್ಟೀಲ್ ಪಾತ್ರೆ ಇಟ್ಟೆ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ — ಟಪ್.

ಬರೆದುಬಿಡುತ್ತೇನೆ. ಮೇ ಹನ್ನೆರಡು. ನರಸಾಪುರದ ತಿರುವಿನಲ್ಲಿ ಲಾರಿ. ಕೋಲಾರದ ಆಸ್ಪತ್ರೆಯಿಂದ ಅವನನ್ನು ಬೆಳಿಗ್ಗೆ ಮನೆಗೆ ತಂದರು. ಮಗಳು ಅನಸೂಯ ರಾಯಚೂರಿನಿಂದ ಬರಬೇಕಿತ್ತು, ಟೆಲಿಗ್ರಾಂ ಹೋಗಿತ್ತು. ಅವಳು ತಮ್ಮನ ಮುಖ ನೋಡುವವರೆಗೆ ಇಡಬೇಕು. ಮಾವಿನ ಕಾಲದ ಬಿಸಿಲು. ಐಸ್ ಕಾರ್ಖಾನೆಯಿಂದ ಗಡ್ಡೆಗಳನ್ನು ತಂದರು, ಮರದ ಹೊಟ್ಟಿನಲ್ಲಿ, ಗೋಣಿಯಲ್ಲಿ ಸುತ್ತಿ. ಬೆಂಚಿನ ಮೇಲೆ ಐಸು, ಐಸಿನ ಮೇಲೆ ಅವನು, ಬೆಂಚಿನ ಕೆಳಗೆ ಬೋಗುಣಿ. ಇಡೀ ಹಗಲು ಆ ಬೋಗುಣಿಗೆ ತೊಟ್ಟಿಕ್ಕಿತು. ಅದೇ ಗೋಡೆ. ಅದೇ ಸದ್ದು.

ಐದಾರು ಹನಿಗೆ ಎದ್ದೆ. ಬಾಗಿಲು ಮುಚ್ಚಿ ಸ್ವಿಚ್ ಹಾಕಿದೆ. ಗುಂಯ್ ಎಂದಿತು. ನನಗೆ ಆ ಸದ್ದು ಒಳ್ಳೆಯದೆನಿಸಿತು.

3 ಅಕ್ಟೋಬರ್

ವಿಷಯ: ಈ ಮನೆಯಲ್ಲಿ ಮಂಜು ಕರಗಿಸುವುದು ಅನಾವಶ್ಯಕ.

ಸನ್ಮಾನ್ಯ ಅಧ್ಯಕ್ಷರೇ, ತಂಪಿಗಾಗಿ ತಂದ ಯಂತ್ರದಲ್ಲಿ ತಂಪು ಹೆಚ್ಚಾದರೆ ಅದನ್ನು ದೋಷವೆನ್ನಬಹುದೇ? ಪುಸ್ತಿಕೆ ಬರೆದವರು ಇಲ್ಲಿನ ಕರೆಂಟ್ ಕಂಡವರಲ್ಲ. ವಾರಕ್ಕೆ ಮೂರು ದಿನ ಅದು ತಾನೇ ಹೋಗಿ ತಾನೇ ಬರುತ್ತದೆ, ಅಷ್ಟರಲ್ಲಿ ಕರಗುವಷ್ಟು ಕರಗುತ್ತದೆ. ಔಷಧಿ ನಡುವಿನ ತಟ್ಟೆಯಲ್ಲಿದೆ, ಮಂಜು ಮೇಲಿದೆ. ಆದುದರಿಂದ...

ಗೆದ್ದೆ. ಎದುರು ಪಕ್ಷದಲ್ಲಿ ಯಾರೂ ಇಲ್ಲ. ಕದಿರೇಶ ಇದ್ದಿದ್ದರೆ ಕಾಲು ಚಾಚಿ ಕೂತು, ಯಾವಾಗಲೂ ಅನ್ನುವಂತೆಯೇ ಅನ್ನುತ್ತಿದ್ದ: "ನೀನೇ ಗೆದ್ದೆ ಕಣಪ್ಪ. ಆದ್ರೆ ನೀನ್ ಹೇಳಿದ್ದು ಸರಿ ಇಲ್ಲ."

31 ಅಕ್ಟೋಬರ್

ಕರೆಂಟ್ ಹೋದಾಗ ಹಿತ್ತಲಿಗೆ ಹೋಗುತ್ತೇನೆ. ಅರ್ಥ್ ಗುಂಡಿಗೆ ನೀರು ಹಾಕುತ್ತೇನೆ. ಒಂದು ಬಿಂದಿಗೆ ಸಾಕು, ಮೂರು ಹಾಕುತ್ತೇನೆ. ಗುಂಯ್ ಎಂಬ ಸದ್ದು ಮತ್ತೆ ಕೇಳಿದ ಮೇಲೆ ಒಳಗೆ ಬರುತ್ತೇನೆ. ನೆಲದ ಮೇಲಿನ ನೀರನ್ನು ಅಷ್ಟರಲ್ಲಿ ಭಾರತಮ್ಮ ಒರೆಸಿರುತ್ತಾಳೆ.

21 ನವೆಂಬರ್

ಮುನಿಗಂಗಮ್ಮ ಬಾಗಿಲು ತೆಗೆದು ನಿಂತಳು. "ಏನ್ ಸಾರ್, ಒಳಗೆ ಹತ್ತಿ ಬೆಳೆ ಇಟ್ಟಿದೀರಾ? ನನ್ ತಂಬಿಗೆ ಇಡಕ್ಕೂ ಜಾಗ ಇಲ್ಲ. ಕುಡುಗೋಲು ತರ್ಲಾ, ಕೆರೆದ್ಬಿಡ್ತೀನಿ?" ಗದರಿದೆ. ಮೊಸರು ತೆಗೆದುಕೊಂಡು ಹೋದಳು.

ಗೂಡಿನ ಬಾಗಿಲು ಈಗ ಮುಚ್ಚುವುದಿಲ್ಲ. ಮಂಜು ಕೆಳಗಿನ ತಟ್ಟೆಯ ಅಂಚಿಗೆ ಇಳಿದಿದೆ.

28 ನವೆಂಬರ್

ಬೆಳಿಗ್ಗೆ ಸೀಸೆಯ ಮೇಲೆ ಬಿಳಿ ಪದರ. ಒಳಗೆ ಸೂಜಿಯಂಥ ಹರಳುಗಳು. ಅಂಗೈಯಲ್ಲಿ ಹಿಡಿದು ಬಿಸಿ ಮಾಡಿದೆ. ಕರಗಿತು. ಕೊಟ್ಟೆ.

7 ಡಿಸೆಂಬರ್

ಭಾರತಮ್ಮನಿಗೆ ಬಾಯಾರಿಕೆ. ಹೂಜಿ ಪಕ್ಕದಲ್ಲಿಟ್ಟುಕೊಂಡೇ ಕೂರುತ್ತಾಳೆ. ಊಟ ಸೇರದು. ಚಳಿಗೆ ಎನ್ನುತ್ತಾಳೆ.

9 ಡಿಸೆಂಬರ್, ಮಧ್ಯಾಹ್ನ

ಎರಡು ಸಲ ವಾಂತಿ. ಎತ್ತಿ ಕೂರಿಸುವಾಗ ಉಸಿರಿನಲ್ಲಿ ಹಣ್ಣಿನ ವಾಸನೆ. ಮಾವಿನ ಮಂಡಿಯಲ್ಲಿ ಕೊನೆಯ ದಿನಗಳಲ್ಲಿ ಬರುವಂಥದ್ದು. ಡಿಸೆಂಬರಿನಲ್ಲಿ ಮಾವೆಲ್ಲಿ? ಮುನಿಗಂಗಮ್ಮ ಕಾರು ಕರೆತರಲು ಓಡಿದ್ದಾಳೆ. ಕೋಲಾರಕ್ಕೆ...

12 ಡಿಸೆಂಬರ್. ಕೋಲಾರ

ಕಣ್ಣು ಬಿಟ್ಟಿದ್ದಾಳೆ. ಗುರುತು ಹಿಡಿದಳು. ಸಕ್ಕರೆ ಇಳಿದಿದೆ, ಅಪಾಯ ದಾಟಿದೆ ಎಂದರು.

ಡಾಕ್ಟರು ಚಿಕ್ಕ ವಯಸ್ಸಿನವರು. ಇನ್ಸುಲಿನ್ ಎಲ್ಲಿಡುತ್ತೀರಿ ಎಂದರು. ಫ್ರಿಜ್ಜಿನಲ್ಲಿ ಎಂದೆ. ಗಡ್ಡೆ ಕಟ್ಟಿತ್ತೇ ಎಂದರು. ಒಮ್ಮೆ ಗಡ್ಡೆ ಕಟ್ಟಿದರೆ ಅದು ಔಷಧಿಯಲ್ಲ, ಬರೀ ನೀರು ಎಂದುಕೊಳ್ಳಿ ಎಂದರು. ಎಂಥ ಸಭೆಯಲ್ಲೂ ನನ್ನ ನಾಲಗೆ ಹಿಂಜರಿದದ್ದಿಲ್ಲ. ಅವರ ಮುಂದೆ ನಿಂತು ಟೇಬಲ್ಲಿನ ಅಂಚನ್ನು ನೋಡುತ್ತಿದ್ದೆ.

ಹೆಪ್ಪುಗಟ್ಟಿದ ರೇಷ್ಮೆ ಮೊಟ್ಟೆಯನ್ನು ಮತ್ತೆ ಎಷ್ಟು ಬೆಚ್ಚಗಿಟ್ಟರೂ ಮರಿ ಹೊರಬರುವುದಿಲ್ಲ — ಇದನ್ನು ರೈತರಿಗೆ ತಿಳಿಸುವುದೇ ನನ್ನ ನೌಕರಿ.

18 ಡಿಸೆಂಬರ್. ಶ್ರೀನಿವಾಸಪುರ

ಮನೆಗೆ ಬಂದೆವು. ಹೊಸ ಸೀಸೆಯನ್ನು ಫ್ರಿಜ್ಜಿನಲ್ಲಿಡಲಿಲ್ಲ. ಮಡಕೆ ತೆಗೆದು ಮರಳು ತುಂಬಿದೆ. ಫ್ರಿಜ್ಜನ್ನು ವಾಪಸು ಕಳಿಸಿಬಿಡೋಣ ಎಂದೆ. ಕಾರಣಗಳನ್ನು ಕ್ರಮವಾಗಿ ಹೇಳಿದೆ: ಕರೆಂಟಿನ ಅನಿಶ್ಚಿತತೆ, ಯಂತ್ರದ ಸ್ವಭಾವ, ಚಳಿಗಾಲದಲ್ಲಿ ಮಡಕೆಯೇ ಸಾಕೆಂಬುದು. ಅವಳು ಮಂಚದ ಮೇಲಿಂದಲೇ ಕೇಳಿದಳು. ಪೂರ್ತಿ ಮುಗಿಸಲು ಬಿಟ್ಟಳು.

"ಬೇಸಿಗೆ ಬರಲ್ವಾ?" ಎಂದಳು.

ನಾನು ಮಡಕೆಯ ಮರಳಿಗೆ ನೀರು ಚಿಮುಕಿಸಿದೆ.

"ನಿಮಗೆ ಆ ಸದ್ದು ಆಗಲ್ಲ. ಗೊತ್ತು. ಅವತ್ತು ನೀವು ಜಗಲಿ ಮೇಲೆ ಕೂತು ಬಂದೋರಿಗೆಲ್ಲ ಸಮಾಧಾನ ಹೇಳ್ತಿದ್ರಿ. ಬೋಗುಣಿ ತುಂಬ್ದಾಗೆಲ್ಲ ಬದಲಾಯಿಸ್ತಿದ್ದೋಳು ನಾನು."

ಸದ್ದು ಅವಳಿಗೂ ಕೇಳಿಸುತ್ತದೆಯೇ ಎಂದೆ.

"ಕೇಳ್ಸುತ್ತೆ. ಅದು ನಿಂತಾಗ್ಲೇ ನಂಗೆ ಭಯ ಆಗಿದ್ದು. ಇನ್ನು ಅವನನ್ನ ಎತ್ಕೊಂಡ್ ಹೋಗ್ತಾರೆ ಅಂತ." ಸ್ವಲ್ಪ ಸುಧಾರಿಸಿಕೊಂಡಳು. "ತೊಟ್ಟಿಕ್ಕೋವರ್ಗೂ ಅವನು ಮನೇಲಿದ್ದ ಕಣ್ರೀ."

ಎದುರು ಪಕ್ಷ ಮಾತನಾಡಿತು.

19 ಡಿಸೆಂಬರ್, ಭಾನುವಾರ. ಬೆಳಿಗ್ಗೆ

ಕೈ ಒರೆಸಿಕೊಂಡು ಪ್ಲಗ್ ಕಿತ್ತೆ. ಬಾಗಿಲು ಪೂರ್ತಿ ತೆರೆದೆ. ಬಿಳಿಯ ಗುಡ್ಡೆ, ಗೂಡು ಎಲ್ಲಿದೆಯೆಂದೇ ಕಾಣದು. ಸ್ಟೀಲ್ ಪಾತ್ರೆ ಇಡಲು ಹೋದೆ. ಭಾರತಮ್ಮ ತಲೆಯಾಡಿಸಿದಳು. ಜೂನಿನಲ್ಲಿ ನಾನು ಅಟ್ಟಕ್ಕೆ ಎಸೆದಿದ್ದ ಆ ದಿನದ ಬೋಗುಣಿಯನ್ನು ಮುನಿಗಂಗಮ್ಮನಿಂದ ಇಳಿಸಿ, ಹುಣಿಸೆಹಣ್ಣು ಹಾಕಿ ತೊಳೆಸಿದ್ದಾಳೆ. ಅದನ್ನೇ ಇಟ್ಟೆ.

ಉತ್ತರದ ಗೋಡೆಗೆ ಒರಗಿ ಕೂತಿದ್ದಾಳೆ, ಮಡಿಲಲ್ಲಿ ಅವರೆಕಾಯಿ. ಎದುರಿಗೆ ನಾನು, ನೆಲದ ಮೇಲೆ, ಈ ಡೈರಿ ಮೊಣಕಾಲ ಮೇಲೆ. ಮೇ ತಿಂಗಳ ನಂತರ ನಾವಿಬ್ಬರೂ ಇಲ್ಲಿ ಕೂತದ್ದು ಇದೇ ಮೊದಲು.

ಟಪ್.

ಏಳುವುದಕ್ಕೆ ನೆಪಗಳಿದ್ದವು. ಗುಂಡಿಗೆ ನೀರು ಹಾಕಿಲ್ಲ. ಪೇಪರ್ ಬಂದಿಲ್ಲ. ಏಳಲಿಲ್ಲ.

ಹನಿಗಳು ಒಂದಕ್ಕೊಂದು ಸೇರಿ ಈಗ ಬಿಡುವಿಲ್ಲದೆ ಬೀಳುತ್ತಿವೆ. ಬೋಗುಣಿಯ ಸದ್ದು ಬದಲಾಗುತ್ತ ಹೋಗುತ್ತದೆ. ಖಾಲಿಯಿದ್ದಾಗ ಒಂದು ಬಗೆ, ತುಂಬಿದಂತೆ ಇನ್ನೊಂದು. ಅಂದು ಜಗಲಿಗೆ ಹನಿಯ ಸದ್ದು ಕೇಳಿಸುತ್ತಿತ್ತು, ಈ ಬದಲಾವಣೆ ಕೇಳಿಸುತ್ತಿರಲಿಲ್ಲ. ಭಾರತಮ್ಮ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ ಕೇಳುತ್ತಿದ್ದಾಳೆ, ಒಳಕೋಣೆಯಲ್ಲಿ ಯಾರೋ ಮಾತನಾಡುತ್ತಿದ್ದರೆ ಕೇಳುವಂತೆ. ನಾನೂ ಕೇಳುತ್ತಿದ್ದೇನೆ. ಮಾತೇನೂ ಇಲ್ಲ. ಆದರೂ—

"ತುಂಬ್ತು ನೋಡಿ," ಎಂದಳು. ತಾನು ಏಳಲಿಲ್ಲ.

ಅಂದು ಪ್ರತಿ ಸಲವೂ ಅವಳೇ. ಇಂದು ಸರದಿ ನನ್ನದು. ಚೆಲ್ಲದಂತೆ ಎತ್ತಬೇಕು. ದಾಸವಾಳದ ಬುಡದ ಗುಂಡಿಗೆ ಸುರಿಯಬೇಕು, ಅಲ್ಲಿ ಮಣ್ಣು ಒಣಗಿದೆ. ಬೇಗ ತಂದಿಡಬೇಕು, ನೆಲಕ್ಕೆ ಬೀಳುವ ಮೊದಲು. ಪೆನ್ನು ಇಟ್ಟು ಏಳುತ್ತೇನೆ.